ಜಟೆಗೆ ಸಿಕ್ಕಿದ ಎರಡು ಪದ

ನದಿ ಬಾಗುವ ಕಡೆ ಒಂದು ವೇದಪಾಠಶಾಲೆ. ಅಲ್ಲಿನ ಗುರುಗಳು ಶಿತಿಕಂಠ ಘನಪಾಠಿಗಳು. ಅವರ ಬಾಯಲ್ಲಿ ಒಂದಕ್ಷರ ಜಾರಿದ್ದನ್ನು ಕೇಳಿದವರಿಲ್ಲ. ಹಲ್ಲುಗಳೆಲ್ಲ ಬಿದ್ದ ಮೇಲೂ ಜಾರಲಿಲ್ಲ.

ಅವರ ಹಿರಿಯ ಶಿಷ್ಯ ಸುಧನ್ವ. ಚಿಕ್ಕಂದಿನಲ್ಲೇ ಬಂದು ಸೇರಿದವನು, ಪಾಠಶಾಲೆಯ ಅನ್ನ ತಿಂದೇ ದೊಡ್ಡವನಾದವನು.

ಚಳಿಗಾಲದಲ್ಲಿ ಹೊರದೇಶದವರು ಗುರುಗಳನ್ನು ನೋಡಲು ಬರುತ್ತಿದ್ದರು. ಗುರುಗಳಿಗೆ ಇಂಗ್ಲಿಷ್ ಬಾರದು. ಅವರ ಮಾತನ್ನು ಬಂದವರಿಗೆ ತಿಳಿಸುತ್ತಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರ್ ಶೇಷಗಿರಿಯಪ್ಪನವರು. ಅವರು ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೊರಟಾಗ, ಅವರಿಂದ ಅಷ್ಟಿಷ್ಟು ಇಂಗ್ಲಿಷ್ ಕಲಿತಿದ್ದ ಸುಧನ್ವನ ತಲೆಗೆ ಆ ಕೆಲಸ ಬಂತು.

"ವ್ಯಾಕರಣ ಹೇಗೋ ನಡೆದುಹೋಗುತ್ತೆ ಕಣಯ್ಯ," ಎಂದು ಶೇಷಗಿರಿಯಪ್ಪನವರು ಹೋಗುವ ಮುಂಚೆ ಎಚ್ಚರಿಸಿದರು. "ಆದರೆ ಆ ಭಾಷೇಲಿ ಅವಳಿ ಪದಗಳ ಕಾಟ ಬಹಳ. ಕಿವಿಗೆ ಒಂದೇ ಥರ, ಅರ್ಥ ಎಲ್ಲೆಲ್ಲಿಗೋ. ಡೆಸರ್ಟ್ ಅಂದರೆ ಮರಳುಗಾಡು. ಡಿಸರ್ಟ್ ಅಂದರೆ ಊಟದ ಕೊನೇಲಿ ತಿನ್ನೋ ಸಿಹಿ. ನಾನೊಮ್ಮೆ ನಮ್ಮ ಸಾಹೇಬರನ್ನ ಊಟಕ್ಕೆ ಕರೆದು, 'ಸ್ವಲ್ಪ ಮರಳುಗಾಡು ಹಾಕಿಸಿಕೊಳ್ಳಿ ಸಾರ್' ಅಂದುಬಿಟ್ಟಿದ್ದೆ."

"ಅವರೇನಂದರು?"

"'ಸಕ್ಕರೆ ಕಾಯಿಲೆ ಇದೆ, ಬೇಡಪ್ಪ' ಅಂದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ."

ಸುಧನ್ವ ನಗಲಿಲ್ಲ. ಅವನಿಗೆ ಹೆದರಿಕೆಯಾಯಿತು. ಸ್ವರ ಒಂದಿಷ್ಟು ಏರುಪೇರಾದರೆ ಮಂತ್ರವೇ ತಿರುಗಿಬೀಳುತ್ತದೆಂದು ಕೇಳಿ ಬೆಳೆದವನು ಅವನು. ಬಂದವರ ಮುಂದೆ ಒಂದರ ಬದಲು ಇನ್ನೊಂದು ಪದ ಬಾಯಿಗೆ ಬಂದರೆ ಗತಿಯೇನು?

ಅವನು ಬಲ್ಲ ಕಲಿಕೆ ಒಂದೇ. ಅದು ಜಟೆ. ವೇದದ ಎರಡು ಪದಗಳನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, ಮತ್ತೆ ಮುಂದಕ್ಕೊಮ್ಮೆ ಹೇಳುವುದು. ಹೆಂಗಸರು ಜಡೆ ಹೆಣೆದ ಹಾಗೆ ಪದಕ್ಕೆ ಪದ ಹೆಣೆದುಕೊಳ್ಳುತ್ತದೆ. ಹಾಗೆ ಹೆಣೆದದ್ದು ಸಾಯುವ ತನಕ ನಾಲಿಗೆ ಬಿಟ್ಟು ಹೋಗುವುದಿಲ್ಲ.

ಸುಧನ್ವ ಇಂಗ್ಲಿಷಿನ ಅವಳಿ ಪದಗಳನ್ನೂ ಜಟೆಗೆ ಹಾಕಿದ.

ಹೊಳೆಯ ಮೆಟ್ಟಿಲ ಮೇಲೆ ಕುಳಿತು, ತಲೆಯನ್ನು ಮೇಲೆ ಕೆಳಗೆ ತೂಗುತ್ತಾ, "ಲೂಸ್ ಲೂಜ್, ಲೂಜ್ ಲೂಸ್, ಲೂಸ್ ಲೂಜ್." ಒಂದು ಸಡಿಲವಾದದ್ದು, ಇನ್ನೊಂದು ಕಳೆದುಕೊಳ್ಳುವುದು.

"ಅಕ್ಸೆಪ್ಟ್ ಎಕ್ಸೆಪ್ಟ್, ಎಕ್ಸೆಪ್ಟ್ ಅಕ್ಸೆಪ್ಟ್, ಅಕ್ಸೆಪ್ಟ್ ಎಕ್ಸೆಪ್ಟ್." ಮೊದಲನೆಯದು ಒಪ್ಪಿಕೊಳ್ಳುವುದು. ಎರಡನೆಯದು ಹೊರತು, ಇದೊಂದನ್ನು ಬಿಟ್ಟು, ಎಂದ ಹಾಗೆ.

ಅಡುಗೆಮನೆಯ ಸಾತಜ್ಜಿ ಕೊಡ ತುಂಬಲು ಬಂದವಳು ನಿಂತು ಕೇಳಿದಳು.

"ಇದು ಯಾವ ವೇದವೋ ಸುಧನ್ವ?"

"ಇಂಗ್ಲಿಷು, ಅಜ್ಜಿ."

"ಹೌದೇ? ನಾನು ಎಲ್ಲೋ ಬೆಕ್ಕಿಗೆ ಸೀನು ಹತ್ತಿಕೊಂಡಿದೆ ಅಂದುಕೊಂಡೆ."

ಸುಧನ್ವ ತಲೆ ತೂಗುವುದನ್ನು ನಿಲ್ಲಿಸಲಿಲ್ಲ.

ಆ ವರ್ಷ ಮೊದಲು ಬಂದವಳು ಐಲೀನ್ ಎಂಬಾಕೆ. ಅರವತ್ತರ ಆಸುಪಾಸಿನ ಹೆಂಗಸು. ಒಬ್ಬಳೇ ಬಂದಿದ್ದಳು. ರಸ್ತೆ ಇದ್ದದ್ದು ಆಚೆ ದಡದಲ್ಲಿ. ಅಲ್ಲಿ ಕಾರು ಬಿಟ್ಟು ಹರಿಗೋಲಿನಲ್ಲಿ ದಾಟಿ ಬಂದು, ಚಪ್ಪಲಿ ಕಳಚಿ, ಗುರುಗಳ ಎದುರು ನೆಲದ ಮೇಲೆ ಕುಳಿತಳು.

ಅವಳು ಮೆಲ್ಲಗೆ, ಬಿಡಿಬಿಡಿಯಾಗಿ ಮಾತಾಡಿದಳು. ಸುಧನ್ವನಿಗೆ ಎಲ್ಲವೂ ತಿಳಿಯಿತು. ತಿಳಿಯಿತಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

"ಇವರ ಅಣ್ಣ ಹೋದ ವರ್ಷ ತೀರಿಕೊಂಡರಂತೆ, ಗುರುಗಳೇ. ಚಿಕ್ಕಂದಿನಲ್ಲಿ ಅವರು ನಮ್ಮ ನದಿಯ ಚಿತ್ರವೊಂದನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದರಂತೆ. ಒಂದು ಸಲ ಬರಬೇಕು ಅಂತಲೇ ಇದ್ದರಂತೆ. ಬರಲಾಗಲಿಲ್ಲ. ಅವರ ಹೆಸರಿನಲ್ಲಿ ಈ ನದಿಗೆ ನೀರು ಬಿಡಬಹುದೇ ಅಂತ ಕೇಳುತ್ತಿದ್ದಾರೆ. 'ನಾನು ನಿಮ್ಮ ಪೈಕಿಯವಳಲ್ಲ' ಅಂತಲೂ ಹೇಳುತ್ತಿದ್ದಾರೆ."

ಗುರುಗಳು ಅವಳ ಮುಖ ನೋಡಿದರು. ಯೋಚನೆಗೆ ಹೊತ್ತು ತೆಗೆದುಕೊಳ್ಳಲಿಲ್ಲ.

"ನದಿ ಎಲ್ಲರನ್ನೂ ಒಪ್ಪಿಕೊಳ್ಳುತ್ತೆ ಅಂತ ಹೇಳು."

ಇಷ್ಟೇ ಮಾತು. ಸುಧನ್ವ ಬೆನ್ನು ನೆಟ್ಟಗೆ ಮಾಡಿ ಕುಳಿತು, ಇಂಗ್ಲಿಷಿನಲ್ಲಿ ಹೇಳತೊಡಗಿದ. ನದಿ ಎಂಬುದು ಬಂತು. ಅಕ್ಸೆಪ್ಟ್ ಎಂಬುದು ಬಂತು. ಎಲ್ಲರನ್ನೂ ಎಂಬುದು ಬಂತು. ಅಲ್ಲಿಗೆ ಮಾತು ಮುಗಿಯಬೇಕಿತ್ತು.

ಮುಗಿಯಲಿಲ್ಲ. ಜಟೆಯ ಅಭ್ಯಾಸವಿದ್ದ ನಾಲಿಗೆಗೆ ಮೊದಲನೆಯ ಪದ ಬಂದಮೇಲೆ ಎರಡನೆಯದು ಬರದೆ ಸಮಾಧಾನವಿಲ್ಲ.

"ಎಕ್ಸೆಪ್ಟ್," ಎಂದುಬಿಟ್ಟ.

ನದಿ ಎಲ್ಲರನ್ನೂ ಒಪ್ಪಿಕೊಳ್ಳುತ್ತದೆ, ಹೊರತು.

ಐಲೀನ್ ಕತ್ತು ಮುಂದೆ ಚಾಚಿ, ಉಳಿದ ಮಾತಿಗೆ ಕಾದಳು. ಯಾರ ಹೊರತು ಎಂದು ಅವನು ಈಗ ಹೇಳಬೇಕು. ಸುಧನ್ವನಿಗೆ ದಿಕ್ಕು ತೋಚಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ನಾಲಿಗೆಯ ತುದಿಯಲ್ಲಿ ಮತ್ತೆ ಅದೇ ಎರಡು ಪದ, ಒಂದರ ಕೈ ಒಂದು ಹಿಡಿದು ನಿಂತಿವೆ. ಯಾವುದು ಯಾವುದೆಂದು ಆ ಗಳಿಗೆಯಲ್ಲಿ ಅವನಿಗೇ ಮರೆತುಹೋಗಿತ್ತು. ಬಾಯಿ ತೆರೆದವನು ತೆರೆದೇ ಕುಳಿತ.

ಕಾದು ಕಾದು ಆಕೆಯ ಮುಖ ಇಳಿಯಿತು. ಅವನು ಸಂಕೋಚಕ್ಕೆ ಬಾಯಿಬಿಡುತ್ತಿಲ್ಲವೆಂದು ತಿಳಿದಳೋ ಏನೋ.

"ಅರ್ಥವಾಯಿತು," ಎಂದಳು ತನ್ನ ಭಾಷೆಯಲ್ಲಿ. ಗುರುಗಳಿಗೆ ಕೈ ಮುಗಿದಳು. ಇನ್ನೂ ಕೆಲವು ಊರು ನೋಡುವುದಿದೆ, ವಾಪಸು ಹೋಗುವಾಗಲೂ ಇದೇ ದಾರಿ, ಆದರೆ ನಿಮಗೆ ಮತ್ತೆ ತೊಂದರೆ ಕೊಡುವುದಿಲ್ಲ ಎಂದಳು. ಚಪ್ಪಲಿಯನ್ನು ಕಾಲಿಗೆ ಹಾಕದೆ ಕೈಯಲ್ಲಿ ಹಿಡಿದು ಹರಿಗೋಲಿನ ಕಡೆ ನಡೆದಳು.

"ಯಾಕೆ ಎದ್ದುಹೋದಳು ಆ ತಾಯಿ?" ಎಂದು ಗುರುಗಳು ಕೇಳಿದರು.

"ಹೊತ್ತಾಯಿತಂತೆ," ಎಂದ ಸುಧನ್ವ.

ಅದು ಸುಳ್ಳು. ಹೇಳಿಯಾಗಿತ್ತು.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ತಪ್ಪಿದ್ದು ಅಭ್ಯಾಸ ಸಾಲದೆ ಎಂದುಕೊಂಡ. ಜಟೆ ಸಾಲದಿದ್ದರೆ ಘನವಿದೆ. ಘನದಲ್ಲಿ ಎರಡು ಪದದ ಜೊತೆಗೆ ಮೂರನೆಯದೂ ಸೇರುತ್ತದೆ, ಹೆಣಿಗೆ ಇನ್ನೂ ಬಿಗಿ. ಮೂರನೆಯದನ್ನು ಹುಡುಕಿಯೂ ಹುಡುಕಿದ. ಎಕ್ಸ್‌ಪೆಕ್ಟ್, ಎಂದರೆ ನಿರೀಕ್ಷಿಸುವುದು.

"ಅಕ್ಸೆಪ್ಟ್ ಎಕ್ಸೆಪ್ಟ್, ಎಕ್ಸೆಪ್ಟ್ ಅಕ್ಸೆಪ್ಟ್, ಅಕ್ಸೆಪ್ಟ್ ಎಕ್ಸೆಪ್ಟ್ ಎಕ್ಸ್‌ಪೆಕ್ಟ್, ಎಕ್ಸ್‌ಪೆಕ್ಟ್ ಎಕ್ಸೆಪ್ಟ್ ಅಕ್ಸೆಪ್ಟ್..."

"ಬೆಕ್ಕಿಗೆ ಈಗ ಕೆಮ್ಮೂ ಬಂತು," ಎಂದಳು ಸಾತಜ್ಜಿ.

ಹೇಳಿದಷ್ಟೂ ಗೋಜಲಾಯಿತು. ಅರ್ಥಗಳು ಒಂದರ ಅಂಗಿ ಒಂದು ತೊಟ್ಟುಕೊಂಡವು. ಕನ್ನಡದ ಮಾತೂ ಜೋಡಿಜೋಡಿಯಾಗಿ ಬರತೊಡಗಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತು, "ಅಜ್ಜಿ, ಉಪ್ಪು ಸೊಪ್ಪು," ಎಂದ.

"ಯಾವುದಪ್ಪ ಬೇಕು? ಉಪ್ಪೋ ಸೊಪ್ಪೋ?"

ಸುಧನ್ವ ಎಲೆಯನ್ನೇ ನೋಡುತ್ತಾ ಯೋಚಿಸಿದ. ನಿಜವಾಗಿಯೂ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಗಿನ ಪಾಠದಲ್ಲಿ, ನಿದ್ದೆಗಣ್ಣಿನಲ್ಲೂ ತಪ್ಪದೆ ಹೇಳಬಲ್ಲ ಮಂತ್ರದ ನಡುವೆ ತಡವರಿಸಿ ನಿಂತುಬಿಟ್ಟ.

ಗುರುಗಳು ಕಣ್ಣು ತೆರೆದರು.

"ಏನಾಯಿತೋ?"

"ನನ್ನ ನಾಲಿಗೆ ಕೆಟ್ಟಿದೆ, ಗುರುಗಳೇ."

"ಎಲ್ಲಿ, ಚಾಚು."

ಚಾಚಿದ. ಗುರುಗಳು ಬಗ್ಗಿ ನೋಡಿದರು.

"ಚೆನ್ನಾಗೇ ಇದೆಯಲ್ಲ. ನನ್ನ ಹಲ್ಲಿಗಿಂತ ವಾಸಿ. ಏನು ಸಮಾಚಾರ ಹೇಳು."

ಸುಧನ್ವ ಅವಳಿ ಪದಗಳ ಕಾಟವನ್ನು ಹೇಳಿದ. ಜಟೆಗೆ ಹಾಕಿದ್ದನ್ನು ಹೇಳಿದ, ಘನಕ್ಕೆ ಏರಿಸಿದ್ದನ್ನೂ ಹೇಳಿದ. ಐಲೀನಳ ವಿಷಯ ಮಾತ್ರ ಹೇಳಲಿಲ್ಲ.

"ಒಂದರಿಂದ ಒಂದನ್ನು ಬಿಡಿಸಿ ಗುರುತು ಹಿಡಿಯೋಣ ಅಂತ ಇಷ್ಟೆಲ್ಲ ಮಾಡಿದೆ. ಅವು ಬಿಡಿಸಿಕೊಳ್ಳುತ್ತಲೇ ಇಲ್ಲ."

ಗುರುಗಳ ಪಕ್ಕದಲ್ಲಿ ನೂಲಿನ ಹುರಿ ಇತ್ತು. ಜನಿವಾರಕ್ಕೆಂದು ಅವರೇ ಹೊಸೆಯುತ್ತಿದ್ದದ್ದು. ಅದರ ಒಂದು ತುದಿಯನ್ನು ಶಿಷ್ಯನ ಕೈಗೆ ಕೊಟ್ಟರು.

"ಇದರಲ್ಲಿ ಎರಡೆಳೆ ಇದೆ. ಬೇರೆ ಬೇರೆ ಮಾಡು."

ಸುಧನ್ವ ಉಗುರಿನಿಂದ ಬಿಡಿಸತೊಡಗಿದ. ಗುರುಗಳು ಇನ್ನೊಂದು ತುದಿಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆಯತೊಡಗಿದರು. ಇವನು ಇಷ್ಟು ಬಿಡಿಸಿದರೆ ಅವರು ಅಷ್ಟು ಹೊಸೆದರು.

"ಗುರುಗಳೇ, ನೀವು ಹೊಸೆಯುತ್ತಾ ಇದ್ದರೆ ನಾನು ಬಿಡಿಸುವುದು ಹೇಗೆ?"

"ಇನ್ನೂ ಜೋರಾಗಿ ಹೊಸೆಯಲೇ? ಆಗ ಬಿಟ್ಟರೂ ಬಿಟ್ಟೀತು."

"ಹೊಸೆದರೆ ಎಲ್ಲಾದರೂ ಬಿಡುತ್ತದೆಯೇ!"

"ನಾನೂ ನಿನ್ನನ್ನು ಅದನ್ನೇ ಕೇಳಬೇಕು ಅಂತಿದ್ದೆ," ಎಂದರು ಗುರುಗಳು.

ಸುಧನ್ವ ಕೈಯಲ್ಲಿದ್ದ ಹುರಿಯನ್ನು ನೋಡುತ್ತಾ ಕುಳಿತ. ಅವನ ಕಿವಿ ಕೆಂಪಾಯಿತು.

"ಹಾಗಾದರೆ ಏನು ಮಾಡಲಿ?"

"ಎರಡನೆಯ ಪದಕ್ಕೆ ರಜೆ ಕೊಡು. ಊರಿಗೆ ಹೋಗಿ ಬರಲಿ. ಮೊದಲನೆಯದರ ಜೊತೆ ನೀನಿರು."

"ಎಷ್ಟು ಸಲ ಹೇಳಬೇಕು?"

"ಹೇಳಲೇಬೇಡ. ಯಾರಾದರೂ ಏನಾದರೂ ಒಪ್ಪಿಕೊಂಡದ್ದು ಕಣ್ಣಿಗೆ ಬಿದ್ದರೆ ಬಂದು ನನಗೆ ತಿಳಿಸು. ಕನ್ನಡದಲ್ಲೇ ತಿಳಿಸು. ನನಗೆ ಬೇರೆ ಬಾರದು."

ಸುಲಭದ ಕೆಲಸ ಎಂದುಕೊಂಡು ಎದ್ದ.

ಮೊದಲು ಕಣ್ಣಿಗೆ ಬಿದ್ದದ್ದು ಕೋತಿ. ಅಂಗಳದಲ್ಲಿಟ್ಟ ಬಾಳೆಹಣ್ಣನ್ನು ಎತ್ತಿಕೊಂಡು ಹೋಯಿತು. ಓಡಿಬಂದು ಹೇಳಿದ.

"ಕೊಟ್ಟವರು ಯಾರು?" ಎಂದರು ಗುರುಗಳು.

"ಯಾರೂ ಕೊಡಲಿಲ್ಲ."

"ಹಾಗಾದರೆ ಅದು ಕಸಿದುಕೊಂಡದ್ದು. ಹೋಗು."

ಆಮೇಲೆ ಹೊಳೆಗೆ ಎಸೆದ ಎಂಜಲೆಲೆ ನೀರಿನಲ್ಲಿ ತೇಲಿಹೋಯಿತು. ಬಂದು ಹೇಳಿದ.

"ಹೊಳೆಗೆ ಬೇಡ ಅನ್ನುವುದಕ್ಕೆ ಬಾಯಿತ್ತೇ?"

"ಇಲ್ಲ."

"ಬೇಡ ಅನ್ನಲು ಬಾರದವರು ಬೇಕು ಅಂದದ್ದನ್ನು ಹೇಗೆ ನಂಬುತ್ತೀ? ಹೋಗು."

ಸುಧನ್ವನಿಗೆ ತಲೆ ಕೆಟ್ಟಿತು. ಅಂದು ನದಿ ಎಲ್ಲರನ್ನೂ ಒಪ್ಪಿಕೊಳ್ಳುತ್ತದೆ ಎಂದವರು ಇವರೇ. ಇಂದು ಅದಕ್ಕೆ ಬಾಯಿಲ್ಲ ಎನ್ನುವವರೂ ಇವರೇ. ಕೇಳೋಣವೆಂದರೆ ಆ ಹೆಂಗಸಿನ ಮಾತೆತ್ತಬೇಕು. ಕೇಳಲಿಲ್ಲ.

ಅಂದು ಸಾತಜ್ಜಿ ಕೋಡುಬಳೆ ಕರಿದಿದ್ದಳು. ಗುರುಗಳ ಬಾಯಲ್ಲಿ ಹಲ್ಲಿಲ್ಲವೆಂಬುದು ಅವಳಿಗೆ ಎಂದಿನಂತೆ ಮರೆತಿತ್ತು. ತಟ್ಟೆಯ ತುಂಬ ತಂದಿಟ್ಟಳು. ಗುರುಗಳು ಎರಡೂ ಕೈ ಒಡ್ಡಿ ತೆಗೆದುಕೊಂಡು, "ಬಿಸಿಯಾಗಿದೆ, ಭೇಷ್," ಎಂದರು. ಅವಳು ಅತ್ತ ಹೋದಮೇಲೆ ಪುಡಿಮಾಡಿ ಅಳಿಲುಗಳಿಗೆ ಹಾಕಿದರು.

"ಸಿಕ್ಕಿತು!" ಎಂದ ಸುಧನ್ವ. "ನೀವು ಒಪ್ಪಿಕೊಂಡಿರಿ."

"ನಾನು ತಿನ್ನಲಿಲ್ಲವಲ್ಲೋ."

"ಆದರೂ ತೆಗೆದುಕೊಂಡಿರಿ."

"ಬಾಯಿಗೆ ಹಾಕದೆ ತೆಗೆದುಕೊಂಡೆ. ಅದು ಒಪ್ಪಿಕೊಂಡದ್ದೋ, ನಾಟಕವೋ?"

ಸುಧನ್ವ ಅಳಿಲುಗಳ ಕಡೆ ನೋಡಿದ. ಒಪ್ಪಿಕೊಳ್ಳುವುದು ಎಂಬ ಮಾತಿನ ಅರ್ಥ ತನಗೆ ಕನ್ನಡದಲ್ಲೂ ಗೊತ್ತಿಲ್ಲವಲ್ಲ ಎಂದು ಅವನಿಗೆ ಅನಿಸಿದ್ದು ಆಗ.

"ಗೊತ್ತಾಗುತ್ತಿಲ್ಲ, ಗುರುಗಳೇ."

"ನನಗೂ ಗೊತ್ತಿಲ್ಲ. ಕೋಡುಬಳೆ ಕಂಡಾಗಲೆಲ್ಲ ಯೋಚಿಸುತ್ತೇನೆ," ಎಂದರು ಗುರುಗಳು. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಅದೂ ತಿಳಿಯಲಿಲ್ಲ.

ಹೀಗೆ ಕೆಲವು ದಿನ ಕಳೆದವು. ಬೇರೆಯವರಲ್ಲಿ ಹುಡುಕಿ ಹುಡುಕಿ ಸಾಕಾಗಿ, ಒಂದು ಸಂಜೆ ಸುಧನ್ವ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದ. ಆಕೆ ವಾಪಸು ಬರುವ ಕಾಲ ಹತ್ತಿರವಾಗುತ್ತಿತ್ತು. ಕಂಡರೆ ಏನು ಹೇಳಬೇಕೆಂದು ಮನಸ್ಸು ಒಳಗೇ ಮಾತು ಕೂಡಿಸುತ್ತಿತ್ತು. ಆ ಪದಗಳೇ ಹಾಗೆ, ಒಂದರಂತೆ ಒಂದು ಕೇಳುತ್ತವೆ. ಶೇಷಗಿರಿಯಪ್ಪನವರು ಸರಿಯಾಗಿ ಹೇಳಿಕೊಡಲಿಲ್ಲ. ಗುರುಗಳು ನಿಧಾನವಾಗಿ ಹೇಳಬಹುದಿತ್ತು. ಆಕೆಯೂ ಇನ್ನೊಂದು ಗಳಿಗೆ ಕಾಯಬಹುದಿತ್ತು.

ಎಲ್ಲರದ್ದೂ ಒಂದೊಂದು ತಪ್ಪು ಆ ಮಾತಿನಲ್ಲಿತ್ತು. ಅವನದ್ದು ಮಾತ್ರ ಇರಲಿಲ್ಲ.

ಅವನು ಎದ್ದು ನಿಂತ. ರಜೆಗೆ ಕಳಿಸಿದ್ದೇನೆಂದುಕೊಂಡಿದ್ದ ಎರಡನೆಯ ಪದ ಎಲ್ಲಿಗೂ ಹೋಗಿರಲಿಲ್ಲ. ಇಲ್ಲೇ, ತನ್ನೊಳಗೇ, ಕಾಲು ಚಾಚಿ ಮಲಗಿತ್ತು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸಾತಜ್ಜಿಯ ದನಿ.

"ಏನೋ, ನಿನಗೇನು ಅಕ್ಷತೆ ಕೊಟ್ಟು ಕರೀಬೇಕೇ? ಎಲ್ಲರದ್ದೂ ಫಲಾಹಾರ ಆಯ್ತು, ನಿನ್ನೊಬ್ಬನ ಹೊರತು!"

ಎಕ್ಸೆಪ್ಟ್, ಎಂದಿತು ಅವನ ಮನಸ್ಸು. ಸರಿಯಾದ ಪದ, ಸರಿಯಾದ ಜಾಗ. ಅದರ ಹಿಂದೆ ಮುಂದೆ ಇನ್ನಾವ ಪದವೂ ಬರಲಿಲ್ಲ. ಒಂದೇ ಬಂದು, ಒಂದೇ ನಿಂತಿತು.

ಸುಧನ್ವ ಒಳಗೆ ಹೋಗಿ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಅವಲಕ್ಕಿ ತಿಂದ.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಬಂದಾಗ ಆಚೆ ದಡದಲ್ಲಿ ಕಾರು ನಿಂತಿತ್ತು. ನೀರಿನಿಂದ ಸಾಕಷ್ಟು ದೂರದಲ್ಲಿ, ಮರಳಿನ ಮೇಲೆ ಬಿಳಿ ಕೂದಲಿನ ಹೆಂಗಸೊಬ್ಬಳು ಕುಳಿತಿದ್ದಳು.

ಹರಿಗೋಲಿನ ಅಂಬಿಗ ಖಾಲಿ ಬಂದ.

"ಆ ಅಮ್ಮ ಬರಾಕಿಲ್ಲ ಅಂತವ್ರೆ ಸಾಮಿ. ಬನ್ನಿ ಬನ್ನಿ ಅಂತ ಕರದೆ. ಬ್ಯಾಡ ಅಂತ ಕೈ ಆಡಿಸಿಬಿಟ್ರು. ನಿಮ್ಮ ಮಠದಾಗೆ ಏನಾರ ಅಂದ್ರಾ ಅವ್ರಿಗೆ?"

ಸುಧನ್ವ ಮೆಟ್ಟಿಲಿಳಿದ. ಹರಿಗೋಲಿಗೆ ಕಾಲಿಟ್ಟ.

"ತಡಿ, ನಾನೂ ಬರುತ್ತೇನೆ," ಎಂದರು ಹಿಂದಿನಿಂದ ಗುರುಗಳು. ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿದ್ದರು.

"ನೀವು ಮಡಿಯಲ್ಲಿದ್ದೀರಿ, ಗುರುಗಳೇ."

"ಆಚೆ ದಡದಲ್ಲಿಯೂ ನೀರಿದೆ ಅಂತ ಕೇಳಿದ್ದೇನೆ," ಎಂದು ಅವರು ಅಂಬಿಗನ ಹೆಗಲು ಹಿಡಿದು ಹತ್ತಿದರು.

ಹರಿಗೋಲು ಸುತ್ತುತ್ತಾ ಸುತ್ತುತ್ತಾ ದಾಟಿತು. ಸುಧನ್ವನ ತಲೆಯೂ ಸುತ್ತಿತು. ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನಡುಹೊಳೆಯಲ್ಲಿ ಎಲ್ಲಿ ಹೋದವೋ.

ಐಲೀನ್ ಅವರತ್ತ ಬೆನ್ನು ಮಾಡಿ ಕುಳಿತಿದ್ದಳು. ಮುಂದೆ ಒಂದು ಸ್ಟೀಲ್ ಲೋಟ. ಅದರಿಂದ ಅಂಗೈಗೆ ನೀರು ಸುರಿದುಕೊಂಡು, ಏನೋ ಒಂದು ಹೆಸರು ಹೇಳಿ, ಕೆಳಕ್ಕೆ ಬಿಡುತ್ತಿದ್ದಳು. ನೀರು ಬಿದ್ದಲ್ಲಿ ಮರಳು ಕಪ್ಪಾಗುತ್ತಿತ್ತು, ಮತ್ತೆ ಒಣಗುತ್ತಿತ್ತು.

ಗುರುಗಳು ನಿಂತು ನೋಡಿದರು.

"ಇದೇನೋ ಇದು? ಎದುರಿಗೆ ಇಷ್ಟು ದೊಡ್ಡ ಹೊಳೆ ಹರಿಯುತ್ತಾ ಇದೆ. ಆ ತಾಯಿ ಮರಳಿಗೆ ಯಾಕೆ ನೀರು ಬಿಡುತ್ತಿದ್ದಾಳೆ?"



"ಹೊಳೆ ತನ್ನನ್ನು ಒಪ್ಪುವುದಿಲ್ಲ ಅಂದುಕೊಂಡಿದ್ದಾರೆ."

"ಹಾಗೆ ಹೇಳಿದವರು ಯಾರು?"

ಅಂಬಿಗ ಹುಟ್ಟನ್ನು ಮರಳಿಗೆ ಊರಿ, ಇತ್ತ ಕಿವಿಗೊಟ್ಟು ನಿಂತಿದ್ದ.

"ನಾನು," ಎಂದ ಸುಧನ್ವ. "ಬಾಯಿತಪ್ಪಿ ಬಂದ ಮಾತು. ಆಮೇಲೆ ತಿದ್ದಲಿಲ್ಲ. ಹೊತ್ತಾಯಿತೆಂದು ಹೋದರು ಅಂತ ನಿಮಗೂ ಸುಳ್ಳು ಹೇಳಿದೆ."

ಗುರುಗಳು ಬೈಯಲಿಲ್ಲ. ಆಕೆಯ ಕಡೆಗೆ ಗದ್ದ ತೋರಿಸಿದರು.

"ನನಗೆ ಹೇಳಿ ಏನು ಬಂತು? ಅಲ್ಲಿ ಹೇಳು."

ಅವನು ಹೋಗಿ ಆಕೆಯ ಎದುರು ಮರಳಿನ ಮೇಲೆ ಕುಳಿತ. ಅವನ ಬಳಿ ಇದ್ದದ್ದು ಚೂರುಪಾರು ಇಂಗ್ಲಿಷು. ಅದರಲ್ಲೇ ಹೇಳಿದ. ನದಿ ಒಪ್ಪಿಕೊಳ್ಳುತ್ತದೆ. ನಿಮ್ಮ ಅಣ್ಣನನ್ನು. ನಿಮ್ಮನ್ನು. ಗುರುಗಳು ಅಂದದ್ದು ಅಷ್ಟೇ. ತಪ್ಪು ನನ್ನದು.

ನಾಲಿಗೆ ಎಲ್ಲಿಯೂ ಎಡವಲಿಲ್ಲ. ಅದನ್ನು ಗಮನಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ.

ಐಲೀನ್ ಅವನನ್ನೇ ನೋಡುತ್ತಿದ್ದಳು.

"ಅಂದು ನೀವು 'ಹೊರತು' ಅಂದಿರಿ," ಎಂದಳು. "ಯಾರ ಹೊರತು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆಮೇಲೆ ಎಲ್ಲೋ ಒಂದು ಕಡೆ ಯಾರೋ ನನ್ನ ಗೋತ್ರ ಯಾವುದೆಂದು ಕೇಳಿದರು. ನನಗೆ ಅದಿಲ್ಲ. ಓಹೋ, ಇದೇ ಇರಬೇಕು ಅಂದುಕೊಂಡೆ."

"ಯಾರ ಹೊರತೂ ಅಲ್ಲ," ಎಂದ ಸುಧನ್ವ.

ಆಕೆ ನಂಬಿದಳೋ ಇಲ್ಲವೋ. ಲೋಟ ಕೈಯಲ್ಲೇ ಇತ್ತು. ಹಿಂದೆ ನಿಂತಿದ್ದ ಗುರುಗಳ ಕಡೆ ತಿರುಗಿ ನೋಡಿದಳು.

"ತನಗೆ ಗೋತ್ರವಿಲ್ಲವಲ್ಲ ಅಂತ ಹೇಳುತ್ತಿದ್ದಾರೆ," ಎಂದು ಸುಧನ್ವ ಗುರುಗಳಿಗೆ ತಿಳಿಸಿದ. ಹೇಳುವಾಗ ಅವನಿಗೂ ಗಾಬರಿಯಾಯಿತು. ತರ್ಪಣ ಬಿಡುವಾಗ ಸತ್ತವರ ಹೆಸರಿನ ಜೊತೆ ಗೋತ್ರ ಹೇಳಲೇಬೇಕು. ಅದು ಯಾವ ಕುಲದವರ ನೀರೆಂದು ತಿಳಿಯುವುದು ಗೋತ್ರದಿಂದಲೇ. ಇದು ಹೊಳೆಯಿತೇ ಗುರುಗಳಿಗೆ?

"ಅವಳ ಅಣ್ಣನ ಹೆಸರೇನು?"

"ಡಂಕನ್ ಅಂತೆ."

"ಡಂಕನ್," ಎಂದು ಗುರುಗಳು ಹಲ್ಲಿಲ್ಲದ ಬಾಯಲ್ಲಿ ಒಮ್ಮೆ ಹೇಳಿ ನೋಡಿದರು. ತಪ್ಪಲಿಲ್ಲ. "ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವುದು ನಮ್ಮಲ್ಲಿ ನಡೆದುಬಂದದ್ದೇ. ಕರೆದುಕೊಂಡು ಬಾ."

ಅವರು ಮೊಣಕಾಲುದ್ದ ನೀರಿಗಿಳಿದು ನಿಂತರು. ಆಕೆ ಬಂದು ಪಕ್ಕದಲ್ಲಿ ನಿಂತಳು. ಅಂಗೈ ಬಟ್ಟಲು ಮಾಡುವುದು ಹೇಗೆ, ನೀರು ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಜಾರುವುದು ಹೇಗೆ ಎಂದು ಗುರುಗಳು ತಮ್ಮ ಕೈಯಲ್ಲೇ ಮಾಡಿ ತೋರಿಸಿದರು. ಆಕೆ ನೋಡಿ ಹಾಗೆಯೇ ಮಾಡಿದಳು.

ಸುಧನ್ವ ದಡದಲ್ಲಿ ನಿಂತು ಕೇಳಿದ. ಕಾಶ್ಯಪ ಗೋತ್ರದ ಡಂಕನ್, ಎಂದು ಗುರುಗಳ ದನಿ. ಒಂದೊಂದು ಸಲವೂ ನೀರು ನೀರಿಗೆ ಬಿದ್ದ ಸದ್ದು. ಆಕೆ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಅಳುತ್ತಿದ್ದಳು, ಕೈ ಮಾತ್ರ ಅಲುಗಲಿಲ್ಲ.

ಎಲ್ಲ ಮುಗಿದಮೇಲೆ ಗುರುಗಳು ದಡದ ಕಡೆ ತಿರುಗಿದರು.

"ಸುಧನ್ವ, ದಿನಾ ನನಗೆ ನಮಸ್ಕಾರ ಮಾಡುವಾಗ ನಿನ್ನ ಗೋತ್ರ ಯಾವುದು ಅಂತ ಹೇಳುತ್ತೀ?"

ಈ ಹೊತ್ತಿನಲ್ಲಿ ಇದನ್ನೇಕೆ ಕೇಳುತ್ತಾರೆಂದು ಅವನಿಗೆ ತಿಳಿಯಲಿಲ್ಲ.

"ಕಾಶ್ಯಪ ಗೋತ್ರ, ಗುರುಗಳೇ."

"ಹಾಗಾದರೆ ತೀರಿಕೊಂಡಿರುವುದು ನಿನ್ನ ಅಣ್ಣ. ಸಾವಿನ ಸುದ್ದಿ ತಡವಾಗಿ ಕೇಳಿದವನಿಗೆ ಸ್ನಾನ ಅಂತ ನಾನು ಹೇಳಿಕೊಡಬೇಕೇ? ಇಳಿ ನೀರಿಗೆ."